ಹನ್ನೆರಡು ಎಲೆಯ ಪಂಥ

ಬಳ್ಳಾರಿ, ಬ್ರೂಸ್‌ಪೇಟೆ
ಜಯ ಸಂವತ್ಸರ, ಚೈತ್ರ ಬಹುಳ ಪಂಚಮಿ
೨೫ ಏಪ್ರಿಲ್ ೧೮೯೪

ಕುರುಗೋಡಿನ ಅಂಜೂರ ತೋಟದ ಒಡತಿ ಚನ್ನವೀರಮ್ಮನಿಗೆ ತಿರುಮಲಮ್ಮ ಮಾಡುವ ಆಶೀರ್ವಾದಗಳು. ಒಂದೇ ವರ್ಷ ದೊಡ್ಡವಳಾದರೂ ಆಶೀರ್ವಾದ ಮಾಡುವ ಹಕ್ಕು ನಾನು ಬಿಡುವವಳಲ್ಲ. ಸಿರುಗುಪ್ಪದಲ್ಲಿ ನಮ್ಮಪ್ಪನ ಜಗಲಿಯ ಮೇಲೆ, ಗಂಡುಹುಡುಗರ ಬೆನ್ನ ಹಿಂದೆ ಕೂತು ಅಕ್ಷರ ಕಲಿತ ಇಬ್ಬರೇ ಹುಡುಗಿಯರು ನಾವು. ಆ ಅಕ್ಷರಕ್ಕೆ ತುಕ್ಕು ಹಿಡಿಯಬಾರದೆಂದು ಎರಡು ವರ್ಷದ ಮೇಲೆ ಈ ಕಾಗದ.

ನಮ್ಮ ಮನೆಗೊಂದು ಗಿಡ ಬಂದಿದೆ. ನಮ್ಮವರ ಕಚೇರಿಯ ಇಂಜಿನಿಯರ್ ದೊರೆ ರಜೆಯ ಮೇಲೆ ವಿಲಾಯತಿಗೆ ಹೋದರು. ಕಲಕತ್ತೆಯಿಂದ ತರಿಸಿದ ಈ ಗಿಡವನ್ನು ಯಾರ ಕೈಗೆ ಒಪ್ಪಿಸಲಿ ಎಂದು ಕೇಳಿದರಂತೆ. ನಮ್ಮವರು ಸುಮ್ಮನಿರಬಹುದಿತ್ತು. "ಗಿಡ ಸಾಕೋದು ನಮ್ಮ ವಂಶದ ವಿದ್ಯಾ ಅದ ಸಾಹೇಬರ" ಎಂದುಬಿಟ್ಟರಂತೆ. ನಮ್ಮ ವಂಶದಲ್ಲಿ ತುಳಸಿಗೆ ನೀರು ಹಾಕುವುದೂ ಹೆಂಗಸರ ಕೆಲಸ. ಈಗ ವಂಶದ ವಿದ್ಯೆ ನನ್ನ ತಲೆಗೆ ಬಂದಿದೆ.

ರಬ್ಬರು ಗಿಡ ಅಂತ ಹೆಸರು. ಕಚೇರಿಯಲ್ಲಿ ಪೆನ್ಸಿಲು ಗೀಟು ಅಳಿಸುತ್ತಾರಲ್ಲ, ಆ ರಬ್ಬರು ಈ ಜಾತಿಯ ಮರದ ಹಾಲಿನಿಂದ ಆಗುತ್ತದಂತೆ. ಎಲೆ ಅಂಗೈಯಷ್ಟು ಅಗಲ, ಚರ್ಮದಷ್ಟು ದಪ್ಪ. ನಡುವೆ ಹಸಿರು, ಅಂಚಿಗೆಲ್ಲ ಕೆನೆಯ ಬಣ್ಣ. ಹೊಸ ಎಲೆ ಕೆಂಪು ಸುಳಿಯೊಳಗೆ ಸುತ್ತಿಕೊಂಡು ಬರುತ್ತದೆ. ಇಲ್ಲಿಯ ಬಿಸಿಲಿಗೆ ಇಟ್ಟರೆ ಆ ಬಿಳಿ ಅಂಚು ಸುಟ್ಟುಹೋಗುತ್ತದೆ, ಮನೆಯೊಳಗೇ ಇರಲಿ ಎಂದು ದೊರೆಯ ಅಪ್ಪಣೆ. ಪಡಸಾಲೆಯ ಕಿಟಕಿಯಿಂದ ಎರಡು ಮೊಳ ದೂರದಲ್ಲಿ ಇಟ್ಟಿದ್ದೇವೆ. ನಮ್ಮ ಅತ್ತೆ ವೆಂಕೂಬಾಯಿಯವರಿಗೆ ಅದನ್ನು ಕಂಡರಾಗದು. "ತೊನ್ನು ಹತ್ತಿದ ಗಿಡ. ಅದೂ ಆಲ, ಅರಳಿ ಜಾತಿಯದು. ಅಂಥಾದ್ದು ಕಟ್ಟಿ ಮ್ಯಾಲೆ ಇರಬೇಕು, ಪಡಸಾಲ್ಯಾಗ ಅಲ್ಲ" ಎಂದು ದಿನಕ್ಕೆ ಎರಡು ಸಲ ಹೇಳುತ್ತಾರೆ.

ಇನ್ನು ನಿಜವಾದ ಸುದ್ದಿ. ನಮ್ಮ ತುಂಗಾಳಿಗೆ ಎಂಟು ತುಂಬಿತು. ಪೇಟೆಯಲ್ಲಿ ಹೆಣ್ಣುಮಕ್ಕಳ ಸಾಲೆ ಇದೆ. ಅಕ್ಷರ ನಾನೇ ಕಲಿಸಿದ್ದೇನೆ, ಆದರೆ ಲೆಕ್ಕ, ನಕಾಶೆ ನನಗೇ ಬಾರದು. ಮೊನ್ನೆ ಅವಳು "ಅಮ್ಮ, ತುಂಗಭದ್ರಾ ಕಡೀಗೆ ಎಲ್ಲಿಗೆ ಹೋಗ್ತದ?" ಎಂದು ಕೇಳಿದಳು. ಸಿರುಗುಪ್ಪದ ಆಚೆ ಆ ಹೊಳೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ, ಚನ್ನಿ. ನಾಚಿಕೆಯಾಯಿತು. ಆ ದಿನವೇ ಸಾಲೆಯ ಮಾತೆತ್ತಿದೆ. ಓದಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಅತ್ತೆ ಪಟ್ಟು ಹಿಡಿದರು. ನಮ್ಮವರು ನಗುತ್ತ, "ಮೊದಲು ಆ ಗಿಡ ಉಳಿಸು. ಕಾರ್ತಿಕ ಮುಗಿದ ಮ್ಯಾಲೆ ದೊರಿ ಬರೋ ದಿನ ಅದಕ್ಕ ಹನ್ನೆರಡು ಎಲಿ ಇದ್ದರ ತುಂಗಾ ಸಾಲಿಗೆ ಹೋಗಲಿ. ಒಂದು ಕಮ್ಮಿಯಾದರೂ ಮತ್ತ ಸಾಲಿ ಮಾತು ಎತ್ತಬಾರದು" ಎಂದರು. ಅತ್ತೆಯವರೂ ಹೂಂಗುಟ್ಟಿದರು. ಬಂದಾಗ ಹದಿನಾಲ್ಕು ಎಲೆ ಇದ್ದವು. ಗೆದ್ದೇ ಗೆಲ್ಲುತ್ತೇನೆ.

ನಿನ್ನ
ತಿರುಮಲಮ್ಮ


ಕುರುಗೋಡು
೪ ಮೇ ೧೮೯೪

ತಿರುಮಲಕ್ಕನಿಗೆ ಚನ್ನವೀರಮ್ಮನ ಶರಣು.

ಎರಡು ವರ್ಷದ ಮೇಲೆ ಕಾಗದ ಬಂತೆಂದು ಕುಣಿದಾಡಿಕೊಂಡು ಓದಿದರೆ ಬರೀ ದೊರೆ, ಕಲಕತ್ತೆ, ಕೆನೆಬಣ್ಣ! ಬಳ್ಳಾರಿಯ ದೊಡ್ಡಸ್ತಿಕೆ ನಮ್ಮಂಥ ಹಳ್ಳಿಯವರಿಗೆ ತೋರಿಸಲು ಬರೆದೆಯೇನೇ? ನನ್ನ ತೋಟದಲ್ಲಿ ನೂರಾಎಂಟು ಅಂಜೂರದ ಗಿಡ ಅದಾವೆ. ಒಂದರ ಬಗ್ಗೆಯೂ ನಿನಗೆ ನಾಲ್ಕು ಹಾಳೆ ಬರೆದಿಲ್ಲ.

ಆದರೂ ಪಂಥ ತುಂಗಾಳದ್ದು, ಅದಕ್ಕೇ ಹೇಳುತ್ತೇನೆ. ಆಲ, ಅರಳಿ ಜಾತಿ, ಹಾಲು ಬೇರೆ ಬರುತ್ತದೆಂದರೆ ಅಂಜೂರದ ಬಳಗವೇ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡು. ತೇವ ತಾಕಿದರೆ ನೀರು ಹಾಕಬೇಡ, ಎಂಟು ದಿನವಾದರೂ ಸರಿ. ಎಲೆಯ ಮೇಲೆ ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸು. ಬಿಳಿ ಅಂಚಿಗೆ ಬೆಳಕು ಬೇಕು, ಬಿಸಿಲು ಬೇಡ. ಜಾಗ ಪದೇಪದೇ ಬದಲಿಸಬೇಡ, ಇಂಥ ಗಿಡಗಳಿಗೆ ಮುನಿಸು ಜಾಸ್ತಿ.

ನಿಮ್ಮವರ ಹೆಸರು ನೀನು ಹೇಳುವ ಹಾಗಿಲ್ಲ, ಮಧುಸೂದನರಾಯರು ಎಂದು ನಾನಾದರೂ ಬರೆಯಬಹುದಲ್ಲ! ಅವರಿಗೆ ಹೇಳು, ಕುರುಗೋಡಿನವರು ಪಂಥದಲ್ಲಿ ನಿನ್ನ ಕಡೆ ಎಂದು.

ಒಂದು ಮಾತು. ಬಂದಾಗ ಹದಿನಾಲ್ಕು ಎಲೆ ಇದ್ದವು ಎಂದೆ. ಈಗ ಎಷ್ಟಿವೆ ಎಂದು ಯಾಕೆ ಬರೆಯಲಿಲ್ಲ?

ಚನ್ನಿ


ಬಳ್ಳಾರಿ
ವೈಶಾಖ ಶುದ್ಧ ತ್ರಯೋದಶಿ, ೧೮ ಮೇ

ಚನ್ನಿ,

ಒಂಬತ್ತು.

ಮೊದಲ ಕಾಗದ ಬರೆಯುವಾಗಲೇ ಹನ್ನೊಂದಕ್ಕೆ ಇಳಿದಿತ್ತು. ಬರೆಯಲು ಕೈ ಬರಲಿಲ್ಲ. ನಿನ್ನಿಂದ ಉಪಾಯ ಕೇಳಬೇಕೆಂದೇ ಕೂತವಳು, ಕೇಳಲು ನಾಚಿಕೆಯಾಗಿ ಜಂಬ ಕೊಚ್ಚಿಕೊಂಡೆ. ಸಿರುಗುಪ್ಪದಲ್ಲಿಯೂ ನಾನು ಹೀಗೇ ಇದ್ದೆ, ನಿನಗೆ ಗೊತ್ತು.

ತಪ್ಪು ನನ್ನದೇ. ಸ್ನಾನ ಮಾಡಿ ಮಡಿಯಲ್ಲಿ ತುಳಸಿಗೆ ನೀರೆರೆದು, ಉಳಿದ ಅರ್ಧ ತಂಬಿಗೆಯನ್ನು ದಿನಾ ಬೆಳಿಗ್ಗೆ ಇದಕ್ಕೂ ಎರೆಯುತ್ತಿದ್ದೆ. ಗಿಡವೆಂದರೆ ನನಗೆ ಗೊತ್ತಿದ್ದದ್ದು ತುಳಸಿ ಒಂದೇ. ತುಳಸಿ ಬಿಸಿಲಲ್ಲಿ ಇರುತ್ತಾಳೆ, ಎಷ್ಟು ಎರೆದರೂ ಕುಡಿಯುತ್ತಾಳೆ. ಇದು ನೆರಳಲ್ಲಿ ಕೂತು ಕುಡಿಯಲಾರದೆ ಒಂದೊಂದೇ ಎಲೆ ಹಳದಿ ಮಾಡಿ ಕೆಡವಿತು.

ನಿನ್ನ ಕಾಗದ ಬಂದ ದಿನವೇ ನೀರು ನಿಲ್ಲಿಸಿದೆ. ಹನ್ನೆರಡು ದಿನವಾಯಿತು. ಆದರೆ ಕೇಳು, ಇವತ್ತು ಬೆರಳಿಳಿಸಿದರೆ ಮಣ್ಣು ಕೆಸರಿನಂತಿದೆ! ಹೊರಗೆ ಗುಡ್ಡದ ಬಂಡೆ ಕಾದು ಊರೆಲ್ಲ ಒಲೆಯಾಗಿರುವಾಗ ಒಂದು ಕುಂಡ ಮಾತ್ರ ಒಣಗುವುದಿಲ್ಲವೆಂದರೆ ಏನರ್ಥ? ಮನೆಯಲ್ಲಿ ನಾವು ನಾಲ್ಕೇ ಜನ. ನಮ್ಮವರು ತಮ್ಮ ಊಟದ ನೀರನ್ನೂ ತಾವೇ ಬಗ್ಗಿಸಿಕೊಂಡವರಲ್ಲ. ತುಂಗಾಳನ್ನು ಕೇಳಿದೆ, ಅವಳಲ್ಲ. ಇನ್ನು ಉಳಿದವರು ಯಾರೆಂದು ನೀನೇ ಹೇಳು. ಪಂಥ ಕೆಡಿಸಲು ಒಂದು ಮೂಕ ಗಿಡವನ್ನು ಮುಳುಗಿಸಿ ಕೊಲ್ಲುವುದೇ? ಮುಖ ಕೊಟ್ಟು ಮಾತಾಡಲಾಗುತ್ತಿಲ್ಲ.

ತಿರುಮಲಮ್ಮ


ಕುರುಗೋಡು
೨೪ ಮೇ

ಅಕ್ಕ,

ನಾನು ಮೊದಲೇ ಅಂದುಕೊಂಡೆ. ನಾಲ್ಕು ಹಾಳೆ ಬರೆದು ಎಲೆಯ ಲೆಕ್ಕ ಬಿಟ್ಟವಳ ಹೊಟ್ಟೆಯೊಳಗೆ ಏನೋ ಇದೆ ಎಂದು.

ನಿನ್ನ ಅತ್ತೆಯೇ. ಸಂಶಯ ಬೇಡ. ಬಾಯಲ್ಲಿ ಬೈಯುವವರು ಕೈಯಲ್ಲೂ ಮಾಡುತ್ತಾರೆ. ಕುಂಡವನ್ನು ನಿನ್ನ ಕೋಣೆಗೆ ಸಾಗಿಸು, ಬೀಗ ಹಾಕು. ಜಾಗ ಬದಲಿಸಬೇಡ ಎಂದವಳೇ ಹೇಳುತ್ತಿದ್ದೇನೆ, ಸಾಗಿಸು. ಇಲ್ಲವೇ ಬೆಳಗಿನ ಜಾವ ಎದ್ದು ಕಂಬದ ಹಿಂದೆ ನಿಂತುಕೋ. ಕೈಗೆ ಸಿಕ್ಕಿಬೀಳಲಿ. ನಮ್ಮ ಮಾವ ಕೊಟ್ಟೂರಪ್ಪನವರು ಹೀಗೇ ದಾಳಿಂಬೆ ಕಳ್ಳನನ್ನು ಹಿಡಿದರು. ಸಿಕ್ಕ ಮೇಲೆ ಮಾತಾಡುವುದು ಸುಲಭ.

ಕುಂಡದ ತಳದಲ್ಲಿ ತೂತು ಇದೆಯೇ ನೋಡು. ಗಿಡದ ಬುಡ ಕಪ್ಪಾಗಿದ್ದರೆ, ಹಿಚುಕಿದಾಗ ಮೆತ್ತಗಾಗಿದ್ದರೆ ಕೂಡಲೇ ಬರೆ.

ಚನ್ನಿ


ಬಳ್ಳಾರಿ
ವೈಶಾಖ ಬಹುಳ ದ್ವಾದಶಿ, ೩೧ ಮೇ

ಚನ್ನಿ,

ಹಿಡಿದೆ. ಹಿಡಿದದ್ದಕ್ಕೆ ನನಗೇ ಅಳು ಬಂತು.

ಇವತ್ತು ದ್ವಾದಶಿ, ಅತ್ತೆ ಬೇಗ ಏಳುತ್ತಾರೆ. ನಾನು ಕಂಬದ ಹಿಂದೆ ನಿಂತಿದ್ದೆ. ಒದ್ದೆ ಸೀರೆಯಲ್ಲಿ, ತಂಬಿಗೆ ಹಿಡಿದು ಬಂದರು. ಕುಂಡದ ಸುತ್ತ ಮೂರು ಸುತ್ತು ಬಂದರು. ಗೋಡೆಯ ಕಡೆ ಜಾಗ ಸಾಲದು, ಸೆರಗು ಬಿಗಿಹಿಡಿದುಕೊಂಡು ಸಂದಿಯಲ್ಲಿ ತೂರಿದರು. ಆಮೇಲೆ ನೀರೆರೆದು, "ತಪ್ಪಾತಪ್ಪಾ. ನಮ್ಮ ಮನ್ಯಾಗ ನೀರಿಲ್ಲದ ಸಾಯಬ್ಯಾಡ" ಎಂದು ಕೈ ಮುಗಿದರು.

ನಾನು ಎದುರಿಗೆ ಬಂದೆ. ಬೆಚ್ಚಿಬಿದ್ದರು. "ನೀನು ನೀರು ನಿಲ್ಲಿಸೀದಿ. ನನಗ ಗೊತ್ತಾತು. ಅರಳಿ ಜಾತಿ ಗಿಡಕ್ಕ ವೈಶಾಖದಾಗ ನೀರು ತಪ್ಪಿಸಿದರ ಏಳು ಜನ್ಮದ ಪಾಪ ಬರ್ತದ, ನಿನಗೂ ನಿನ್ನ ಮಗಳಿಗೂ. ಅದಕ್ಕ ನಿನ್ನ ಪಾಲಿಂದೂ ನಾನೇ ಹಾಕಿದೆ" ಎಂದರು. ನನ್ನ ಮಗಳಿಗೆ ಪಾಪ ತಾಕಬಾರದೆಂದು ಎರೆದ ನೀರು, ಚನ್ನಿ! ನಾನು ಹದಿನೈದು ದಿನ ಅವರಿಗೆ ಮುಖ ಕೊಟ್ಟಿಲ್ಲ. ನೀನೂ ದಾಳಿಂಬೆ ಕಳ್ಳನ ಸಾಲಿಗೆ ಸೇರಿಸಿದೆ. ನಾವಿಬ್ಬರೂ ಕೆನ್ನೆ ಬಡಿದುಕೊಳ್ಳಬೇಕು.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ, ಬೆರಳಿಳಿಸುವ ಸಂಗತಿ ಇತ್ತಲ್ಲ, ಅದು. ಕಳ್ಳನ ಕಾಗದ ಓದಲಿಲ್ಲ. ಕುಂಡದ ಮಣ್ಣಿಗೆ ತಾವೂ ಬೆರಳಿಳಿಸಿ ನೋಡಿ, "ಹಂಗಾದರ ನೀರೇ ಕೊಂದಿತೇನು?" ಎಂದರು. ಆ ಧ್ವನಿ ಕೇಳಲಾಗಲಿಲ್ಲ.

ಈಗ ಕೇಳು. ಕುಂಡಕ್ಕೆ ತೂತು ಇದೆ, ಬೇರು ಸುತ್ತಿ ಮುಚ್ಚಿಹೋಗಿದೆ. ಬುಡ ಒಂದು ಕಡೆ ಕಪ್ಪಾಗಿದೆ, ಒತ್ತಿದರೆ ಬಾಳೆಹಣ್ಣು. ಕೋಲಿನಂಥ ಕಾಂಡ, ತುದಿಯಲ್ಲಿ ಐದು ಎಲೆ, ಥೇಟ್ ಬಿಚ್ಚಿಟ್ಟ ಛತ್ರಿ. ನಮ್ಮವರು ಹೋಗುತ್ತ ಬರುತ್ತ "ಛತ್ರಿ ಒಣಗಿತೇನು?" ಎಂದು ಕೇಳುತ್ತಾರೆ. ಉಳಿಯುತ್ತದೆಯೇ? ಸುಳ್ಳು ಹೇಳಬೇಡ.

ತಿರುಮಲಮ್ಮ


ಕುರುಗೋಡು
೭ ಜೂನ್

ಅಕ್ಕ,

ಮೊದಲು ನಿನ್ನ ಅತ್ತೆಯವರ ಕಾಲಿಗೆ ನನ್ನ ನಮಸ್ಕಾರ ಹೇಳು. ಬೈದದ್ದು ಹೇಳಬೇಡ.

ಉಳಿಯುತ್ತದೆ. ಖಂಡಿತ ಉಳಿಯುತ್ತದೆ. ಬುಡ ಕೆಟ್ಟರೆ ತಲೆಗೇ ಬೇರು ಕಟ್ಟಿಸಬೇಕು. ಇದು ಅಂಜೂರಕ್ಕೆ ನಾವು ಮಾಡುವ ಕೆಲಸ. ಐದು ಎಲೆಯ ಕೆಳಗೆ ಒಂದು ಗೇಣು ಬಿಟ್ಟು, ಕಾಂಡದ ಸುತ್ತ ಎರಡು ಬೆರಳಗಲ ತೊಗಟೆ ಬಳೆಯಂತೆ ಸುಲಿ. ಹಾಲು ಧಾರೆಧಾರೆ ಸುರಿಯುತ್ತದೆ, ಹೆದರಬೇಡ. ಒದ್ದೆ ಬಟ್ಟೆಯಲ್ಲಿ ಒರೆಸು, ಅದು ನಿಲ್ಲುವವರೆಗೆ ಕಾಯಿ. ಸುಲಿದ ಜಾಗದ ಮೇಲೆ ನಾನು ಕಳಿಸಿದ ಮಣ್ಣನ್ನು ನಾಲ್ಕು ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ ಮಾಡಿ ಮೆತ್ತು. ಕೆಂಪು ಮಣ್ಣು, ಹಳೆಯ ಗೊಬ್ಬರ, ತೆಂಗಿನ ನಾರು ಬೆರೆಸಿದ್ದೇನೆ. ಗೋಣಿಯಲ್ಲಿ ಸುತ್ತಿ ಬಿಗಿದು ಕಟ್ಟು. ಆ ಉಂಡೆ ಒಂದು ಗಳಿಗೆಯೂ ಒಣಗಬಾರದು. ಕುಂಡಕ್ಕೆ ಮಾತ್ರ ಒಂದು ಹನಿಯೂ ಬೇಡ, ಉಂಡೆಯಿಂದ ಜಾರಿದ ನೀರು ಅಲ್ಲಿ ಬೀಳದಂತೆ ಕೆಳಗೆ ತಟ್ಟೆ ಕಟ್ಟು.

ಅಂಜೂರ ತರುವ ಬಂಡಿಯಲ್ಲಿ ನಮ್ಮ ಬಂಡಿಯಾಳು ಎರ್ರಣ್ಣ ಮಣ್ಣನ್ನೂ ಒಂದು ಗಡಿಗೆಯನ್ನೂ ತರುತ್ತಾನೆ. ಗಡಿಗೆಯ ತಳಕ್ಕೆ ತೂತಿದೆ, ಬತ್ತಿ ತೂರಿಸಿದ್ದೇನೆ. ನಮ್ಮ ಗುಡಿಯಲ್ಲಿ ಬೇಸಿಗೆಗೆ ಲಿಂಗದ ಮೇಲೆ ತೂಗುಹಾಕುತ್ತಾರಲ್ಲ, ಹನಿಹನಿಯಾಗಿ ಬೀಳುವ ಧಾರಾಪಾತ್ರೆ, ಅದೇ. ಅದನ್ನು ಉಂಡೆಯ ಮೇಲೆ ತೂಗುಬಿಡು. ಗಡಿಗೆ ತುಂಬಿಸುವ ಕೆಲಸ ನಿನ್ನ ಅತ್ತೆಯವರಿಗೇ ಕೊಡು. ಅವರಷ್ಟು ತಪ್ಪದೆ ನೀರು ಹಾಕುವವರು ಬಳ್ಳಾರಿಯಲ್ಲಿ ಇನ್ನೊಬ್ಬರಿಲ್ಲ ಎಂದು ಈಗಾಗಲೇ ಸಾಬೀತಾಗಿದೆ.

ಎರಡೂವರೆ ತಿಂಗಳು ಬಿಚ್ಚಿ ನೋಡುವ ಹಾಗಿಲ್ಲ. ಬೇರು ಗೋಣಿಯಿಂದ ಹೊರಗೆ ಇಣುಕಿದ ಮೇಲೆ ಉಂಡೆಯ ಕೆಳಗೆ ಕೊಯ್ದು ಬೇರೆ ಕುಂಡಕ್ಕೆ ಇಡು.

ಚನ್ನಿ


ಬಳ್ಳಾರಿ
ಆಷಾಢ ಬಹುಳ ತದಿಗೆ, ೨೦ ಜುಲೈ

ಚನ್ನಿ,

ಒಂದು ಎಲೆ ಬಿತ್ತು. ನಾಲ್ಕು ಉಳಿದಿವೆ. ಉಂಡೆಯೊಳಗೆ ಏನಾಗಿದೆಯೋ ದೇವರಿಗೇ ಗೊತ್ತು. ಬಿಚ್ಚಲೇ?

ನಮ್ಮವರು ಪಂಥ ಗೆದ್ದೆನೆಂದೇ ತಿಳಿದಿದ್ದಾರೆ. ತುಂಗಾಳಿಗೆ ಆದವಾನಿಯ ಕಡೆ ಒಂದು ಗಂಡು ನೋಡಿದ್ದಾರಂತೆ, ಮಾಘದಲ್ಲಿ ಮಾಡಬಹುದಂತೆ. ನಗುನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಗಡಿಗೆಯ ಕಥೆ ಬೇರೆ. ಎರ್ರಣ್ಣ ಇಳಿಸಿದಾಗ ಅತ್ತೆ, "ಲಿಂಗದ ಗಡಿಗಿ ನಮ್ಮ ಮನ್ಯಾಗ್ಯಾಕ?" ಎಂದು ಹೊಸ್ತಿಲಲ್ಲೇ ತಡೆದರು. ಅರ್ಧ ಗಳಿಗೆ ಯೋಚಿಸಿ, ಗೋಪೀಚಂದನ ತೇಯ್ದು ಗಡಿಗೆಗೆ ಶಂಖಚಕ್ರದ ಮುದ್ರೆ ಒತ್ತಿ ಒಳಗೆ ಬಿಟ್ಟುಕೊಂಡರು. ಅಂದಿನಿಂದ ಮೂರು ಹೊತ್ತೂ ಅವರದೇ ಕಾವಲು. ನಿನ್ನ ಜೂನಿನ ಕಾಗದವನ್ನು ದಿನಾ ಓದಿಸಿಕೊಳ್ಳುತ್ತಾರೆ, ಎಲ್ಲಿ ಏನು ತಪ್ಪಿತೋ ಎಂದು. ಬೈದದ್ದು ಹೇಳಬೇಡ ಎಂದ ಸಾಲಿಗೆ ಮೊದಲೇ ಮಸಿ ಬಳಿದಿಟ್ಟಿದ್ದೇನೆ. ನಿನ್ನೆ ನಾನು ಅಡಿಗೆಮನೆಯಲ್ಲಿದ್ದೆ. ಪಡಸಾಲೆಯಿಂದ ತುಂಗಾಳ ಧ್ವನಿ ಕೇಳಿತು, ಅಕ್ಷರ ಕೂಡಿಸಿ ಕೂಡಿಸಿ ಅಜ್ಜಿಗೆ ಓದುತ್ತಿದ್ದಳು. "ಗೇಣು ಅಂದದ್ದೋ ಮೊಳ ಅಂದದ್ದೋ, ಸರಿಯಾಗಿ ನೋಡಿ ಓದು" ಎಂದು ಅತ್ತೆ ಗದರಿಸುತ್ತಿದ್ದರು. ನಾನು ಕೇಳಲೇ ಇಲ್ಲವೆನ್ನುವಂತೆ ಒಗ್ಗರಣೆ ಹಾಕಿದೆ.

ತಿರುಮಲಮ್ಮ


ಕುರುಗೋಡು
೨೭ ಜುಲೈ

ಬಿಚ್ಚಬೇಡ.

ಚನ್ನಿ


ಬಳ್ಳಾರಿ
ಶ್ರಾವಣ ಬಹುಳ ನವಮಿ, ೨೫ ಆಗಸ್ಟ್

ಚನ್ನಿ, ಚನ್ನಿ, ಚನ್ನಿ!

ಬೇರು! ಗೋಣಿಯ ಎಳೆಗಳ ನಡುವೆ ಬಿಳಿ ಬೇರು, ಶಾವಿಗೆ ಎಳೆಯಂಥವು! ಗೋಕುಲಾಷ್ಟಮಿಯ ಮರುದಿನ, ಇವತ್ತು ಬೆಳಿಗ್ಗೆ, ಗಡಿಗೆ ತುಂಬಲು ಹೋದ ಅತ್ತೆಯೇ ಮೊದಲು ಕಂಡದ್ದು. ಅವರಿಗೆ ಕಣ್ಣು ಮಂಜು, ಹುಳ ಬಿತ್ತೆಂದು ಕೂಗಿಕೊಂಡರು. ನಾನು ಓಡಿಹೋಗಿ ನೋಡಿದವಳು ಅಲ್ಲೇ ಅವರನ್ನು ತಬ್ಬಿಕೊಂಡೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅತ್ತೆಯನ್ನು ಮುಟ್ಟಿ ತಬ್ಬಿದ್ದು ಇದೇ ಮೊದಲು. ಮಡಿ ಹೋಯಿತೆಂದು ಬೈದರು, ಬೈಯುತ್ತ ನಕ್ಕರು.

ನೀನು ಹೇಳಿದಂತೆ ಉಂಡೆಯ ಕೆಳಗೆ ಕೊಯ್ದು ಹೊಸ ಕುಂಡಕ್ಕೆ ಇಟ್ಟೆವು. ಕುಂಡದ ತೂತಿನ ಮೇಲೆ ಹೆಂಚಿನ ಚೂರು ಇಟ್ಟಿದ್ದೇನೆ, ಇನ್ನು ಮುಚ್ಚಿಕೊಳ್ಳಲಾರದು. ಹಳೆಯ ಬುಡವನ್ನು ಎಸೆಯಲು ಅತ್ತೆ ಬಿಡಲಿಲ್ಲ. ಕೊಳೆತದ್ದನ್ನು ಚಾಕುವಿನಲ್ಲಿ ಕೆರೆದು ಬೂದಿ ಮೆತ್ತಿ, ಒ‌ಣ ಮಣ್ಣಿನಲ್ಲಿ ಮೂಲೆಗೆ ಇಟ್ಟಿದ್ದಾರೆ. ಒಂದು ಬೋಳು ಕೋಲು.

ನಾಲ್ಕು ಎಲೆ, ಮೂರು ತಿಂಗಳು. ಹನ್ನೆರಡಕ್ಕೆ ಇನ್ನೂ ಎಂಟು ಬೇಕು. ಆಗುತ್ತದೆಯೇ?

ತಿರುಮಲಮ್ಮ


ಕುರುಗೋಡು
೩ ಸೆಪ್ಟೆಂಬರ್

ಅಕ್ಕ,

ನಿನ್ನ ಕಾಗದ ಓದಿ ತೋಟದ ನಡುವೆ ಕೂತು ಅತ್ತುಬಿಟ್ಟೆ. ಈಗ ನಿಜ ಹೇಳುತ್ತೇನೆ. ಅಂಜೂರಕ್ಕೆ ನೂರು ಸಲ ಮಾಡಿದ್ದೇನೆ. ಈ ರಬ್ಬರು ಗಿಡವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಅದಕ್ಕೆ ಬೇರು ಬರುತ್ತದೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಹೇಳಬೇಡ ಎಂದು ನೀನು ಬರೆದಿದ್ದೆ. ಹೇಳಿದೆ. "ಆಗಬಹುದು" ಎಂದು ಬರೆದಿದ್ದರೆ ನಿನ್ನ ಕೈ ನಡುಗಿ ತೊಗಟೆಯ ಜೊತೆ ಕಾಂಡವೂ ಕೊಯ್ದುಹೋಗುತ್ತಿತ್ತು. ಜುಲೈಯಲ್ಲಿ ನೀನು ಬಿಚ್ಚಲೇ ಎಂದು ಕೇಳಿದಾಗ ನನಗೂ ಎದೆ ಒಡೆದುಹೋಗಿತ್ತು. ಅದಕ್ಕೇ ಒಂದೇ ಮಾತು ಬರೆದೆ. ಎರಡು ಬರೆದಿದ್ದರೆ ಸಿಕ್ಕಿಬೀಳುತ್ತಿದ್ದೆ.

ಬೋಳು ಕೋಲಿಗೆ ವಾರಕ್ಕೊಂದು ಸಲ ಅರ್ಧ ಲೋಟ ನೀರು ಹಾಕಲಿ. ಅತ್ತೆಯವರ ಅರ್ಧ ಲೋಟ ಎಷ್ಟು ದೊಡ್ಡದೋ ನೋಡಿಕೊಂಡು ಕೊಡು.

ಚನ್ನಿ


ಬಳ್ಳಾರಿ
೧೨ ಅಕ್ಟೋಬರ್

ಚನ್ನಿ,

ಸುಳ್ಳುಬುರುಕಿಯೇ! ಆ ಸುಳ್ಳಿಗೆ ನಿನಗೆ ಒಂದು ಸೀರೆ ಕೊಡಬೇಕು.

ಬೋಳು ಕೋಲು ಚಿಗುರಿದೆ. ಎರಡು ಕಡೆ. ಒಂದು ಕವಲಿನಲ್ಲಿ ಬಿಳಿ ಅಂಚಿನ ಎಲೆ, ಮೂರು ಬಂದಿವೆ, ನಿಧಾನ. ಇನ್ನೊಂದು ಕವಲು ಪೂರ್ತಿ ಹಸಿರು, ಒಂದು ಚುಕ್ಕೆ ಬಿಳಿಯೂ ಇಲ್ಲ. ಅದು ಮಾತ್ರ ಓಡುತ್ತಿದೆ, ಆಗಲೇ ನಾಲ್ಕು ಎಲೆ, ಸುಳಿ ಬೇರೆ. ಹೊಸ ಕುಂಡದಲ್ಲಿ ಐದು. ಎಲ್ಲ ಕೂಡಿಸಿದರೆ ಇವತ್ತಿಗೇ ಹನ್ನೆರಡು! ನಮ್ಮವರ ನಗು ಸ್ವಲ್ಪ ಕಮ್ಮಿಯಾಗಿದೆ.

ತಿರುಮಲಮ್ಮ


ಕುರುಗೋಡು
೧೭ ಅಕ್ಟೋಬರ್

ಅಕ್ಕ,

ಹಸಿರು ಕವಲನ್ನು ಬುಡಸಮೇತ ಚಿವುಟಿಹಾಕು. ಇವತ್ತೇ.

ನನ್ನ ಅಂಗಳದಲ್ಲಿ ಬಿಳಿಪಟ್ಟೆಯ ಕ್ರೋಟನ್ ಇತ್ತು. ಹಸಿರು ಕವಲನ್ನು ಹಾಗೇ ಬಿಟ್ಟೆ. ಅದು ಎಲ್ಲ ರಸವನ್ನೂ ತಾನೇ ಕುಡಿದು ಒಂದೇ ವರ್ಷದಲ್ಲಿ ಬಿಳಿಯನ್ನು ಸಾಯಿಸಿತು. ದೊರೆ ಒಪ್ಪಿಸಿ ಹೋದದ್ದು ಬಿಳಿ ಅಂಚಿನ ಗಿಡ. ಹಸಿರು ಎಲೆ ಎಣಿಸಿ ಗೆದ್ದರೆ ಅದು ಗೆಲುವಲ್ಲ, ನಿನಗೇ ಗೊತ್ತು. ಈ ಸಲ ನನಗೆ ನಿಜವಾಗಿ ಗೊತ್ತಿದ್ದೇ ಹೇಳುತ್ತಿದ್ದೇನೆ.

ಚನ್ನಿ


ಬಳ್ಳಾರಿ
ಮಾರ್ಗಶಿರ ಶುದ್ಧ ತದಿಗೆ, ೩೦ ನವೆಂಬರ್

ಚನ್ನಿ,

ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ನಾಲ್ಕು ಹಸಿರು ಎಲೆ ಚಿವುಟಿದ ದಿನ ನಾನು ಊಟ ಮಾಡಲಿಲ್ಲ. ನಮ್ಮವರು "ಸೋಲು ಒಪ್ಪಿಕೊಂಡಿಯೇನು?" ಎಂದರು. ಅಂದಿನಿಂದ ದಿನಾ ಎಣಿಸಿದ್ದೇ ಎಣಿಸಿದ್ದು. ಕೆಂಪು ಸುಳಿ ಬಿಚ್ಚುವುದಕ್ಕೆ ಕಾದು ಕಣ್ಣು ಸೋತಿತು. ನಿನ್ನೆ ದೊರೆ ಬಳ್ಳಾರಿಗೆ ಬಂದಿಳಿದರು. ಇವತ್ತು ಮುಂಜಾನೆ ಜವಾನ ಪಾಲಯ್ಯ ಗಿಡ ಒಯ್ಯಲು ಬಂದ. ಆಗ ಲೆಕ್ಕವಾಯಿತು. ಹೊಸ ಕುಂಡದಲ್ಲಿ ಏಳು. ಹಳೆಯ ಬುಡದಲ್ಲಿ ಐದು, ಐದನೆಯದು ನಿನ್ನೆ ಬೆಳಿಗ್ಗೆಯಷ್ಟೇ ಬಿಚ್ಚಿಕೊಂಡದ್ದು. ಎಲ್ಲವೂ ಬಿಳಿ ಅಂಚಿನವೇ.

ನಮ್ಮವರು ಕನ್ನಡಕ ಏರಿಸಿಕೊಂಡು ಎರಡು ಸಲ ಎಣಿಸಿದರು. ಆಮೇಲೆ ಕಚೇರಿಯ ಬುದ್ಧಿ ತೆಗೆದರು. "ಇದಕ್ಕ ಏಳು. ಅದಕ್ಕ ಐದು. ನಾನು ಮಾತಾಡಿದ್ದು ಹನ್ನೆರಡು ಎಲಿ ಇರೋ ಒಂದು ಗಿಡದ ಬಗ್ಗೆ. ಅಂಥಾದ್ದು ಇಲ್ಲಿ ಎಲ್ಲದ?"

ನಾನು ಎರಡೂ ಕುಂಡಗಳನ್ನು ಎಳೆದು ಒಂದಕ್ಕೊಂದು ತಾಗಿಸಿ ಇಟ್ಟೆ. ತುಂಗಾ ಕಂಬ ಹಿಡಿದು ನಿಂತಿದ್ದಳು.

ಅತ್ತೆ ಜಪಮಾಲೆ ಕೆಳಗಿಟ್ಟರು. "ಮಧು, ಇಲ್ಲಿ ಬಾ. ನಿಮ್ಮಣ್ಣ ಶ್ರೀನಿವಾಸ ಹತ್ತು ವರ್ಷದ ಹಿಂದ ಬ್ಯಾರೆ ಒಲಿ ಹೂಡಿದ, ಹೌದಲ್ಲೋ? ನಿಮ್ಮಪ್ಪನ ಶ್ರಾದ್ಧದ ದಿನ ಬಂದು 'ನಾನು ಬ್ಯಾರೆ ಗಿಡ' ಅಂತಾನೇನು? ಒಂದೇ ಬುಡದಿಂದ ಬಂದದ್ದು ಎರಡು ಕುಂಡದಾಗ ಕೂತರ ವಂಶ ಎರಡಾಗ್ತದೇನು?"

"ಅಮ್ಮಾ, ಅದು ಬ್ಯಾರೆ ಮಾತು..."

"ಏನು ಬ್ಯಾರೆ? ಆ ಹುಡುಗಿ ಓದಿ ಹೇಳಿದ್ದಕ್ಕ ನಾನು ಎಲ್ಲಿ ನೀರು ಹಾಕಬೇಕು, ಎಲ್ಲಿ ಹಾಕಬಾರದು ಅಂತ ಅರವತ್ತೆರಡನೇ ವರ್ಷಕ್ಕ ತಿಳಕೊಂಡೆ. ಓದು ಬರದ ನಾನು ಅದನ್ನ ಕೊಂದಿದ್ದೆ. ಓದು ಬಂದವರು ಉಳಿಸಿದರು. ಏಳಕ್ಕ ಐದು ಕೂಡಿಸು."

ನಮ್ಮವರು ಕನ್ನಡಕ ತೆಗೆದು ಒರೆಸತೊಡಗಿದರು.

"ಕೂಡಸ್ಲಿಕ್ಕೆ ಬರಲಿಲ್ಲಂದ್ರ ತುಂಗಾನ್ನ ಸಾಲಿಗೆ ಕಳಿಸು. ಸಂಜಿಗೆ ಬಂದು ನಿನಗ ಹೇಳಿಕೊಡ್ತಾಳ!"

ಬಾಗಿಲಲ್ಲಿದ್ದ ಪಾಲಯ್ಯ ನಕ್ಕುಬಿಟ್ಟ. ಅವನ ಹಿಂದೆ ತುಂಗಾ. ಕಡೆಗೆ ನಮ್ಮವರೂ ತಡೆಯಲಾರದೆ ನಕ್ಕರು, ನಗುತ್ತ ಎರಡೂ ಕೈ ಎತ್ತಿದರು. ಇಷ್ಟು ಚೆನ್ನಾಗಿ ಸೋಲಲು ಬರುತ್ತದೆಂದು ಗೊತ್ತಿದ್ದರೆ ಈ ಮನುಷ್ಯನ ಜೊತೆ ಮೊದಲೇ ಪಂಥ ಕಟ್ಟುತ್ತಿದ್ದೆ. ದೊರೆ ಹೊಸ ಕುಂಡ ನೋಡಿ ಬೆರಗಾಗಿ, ಹಳೆಯದನ್ನು ನಮಗೇ ಇಟ್ಟುಕೊಳ್ಳಲು ಹೇಳಿದ್ದಾರೆ. "ಯಾರು ಸಾಕಿದರು ಅಂತ ಕೇಳಿದರು. ಮನಿಯವರು ಅಂದೆ" ಎಂದರು ನಮ್ಮವರು ಸಂಜೆ. ಅಷ್ಟು ಸಾಕು.

ಸೋಮವಾರ ಒಳ್ಳೆಯ ದಿನವಂತೆ, ಅತ್ತೆಯೇ ಪಂಚಾಂಗ ನೋಡಿಸಿದರು. ಅವರೇ ಕೈ ಹಿಡಿದು ಸಾಲೆಗೆ ಕರೆದೊಯ್ಯುತ್ತಾರಂತೆ. ಗೆದ್ದೆವು ಚನ್ನಿ, ಗೆದ್ದೆವು!

ನಿನ್ನ
ತಿರುಮಲಮ್ಮ


ಕುರುಗೋಡು
೯ ಡಿಸೆಂಬರ್ ೧೮೯೪

ಅಕ್ಕ,

ನಿನ್ನ ಕಾಗದ ಬಂದಾಗ ತೋಟದಲ್ಲಿ ಹೆಂಗಸರು ಹಣ್ಣು ಬಿಡಿಸುತ್ತಿದ್ದರು. ತಡೆಯಲಾಗಲಿಲ್ಲ, ನಿಂತಲ್ಲೇ ಜೋರಾಗಿ ಓದಿದೆ. ವೆಂಕೂಬಾಯಿಯವರ ಮಾತು ಬಂದಾಗ ಬುಟ್ಟಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಓದ್ರಿ ಎಂದರು, ಓದಿದೆ. ಮೂರನೆಯ ಸಲವೂ ಓದಿಸಿದರು. ಅಂದು ಅರ್ಧ ಹಣ್ಣು ಮರದಲ್ಲೇ ಉಳಿಯಿತು.

ಎಲ್ಲರೂ ಹೋದ ಮೇಲೆ ಸುಂಕಮ್ಮ ಒಬ್ಬಳು ನಿಂತಳು. ಐದು ಮಕ್ಕಳ ತಾಯಿ, ಮಾತು ಕಮ್ಮಿ. ಸೆರಗಿನ ತುದಿ ತಿರುವುತ್ತ, "ಅವ್ವಾರ, ಅಂಥಾ ಗಿಡ ನಮಗೂ ಒಂದು ಸಿಗತೈತೇನ್ರಿ? ಹೆಂಗಾರ ಮಾಡಿ ಹನ್ನೆರಡು ಎಲಿ ಮಾಡ್ತೀನಿ. ನನ್ನ ಮಗಳೂ ಎಂಟು ವರ್ಷದಾಕಿ ಅದಾಳ" ಎಂದಳು.

"ಗಿಡ ಯಾಕಬೇ? ನಾಳೆ ಮುಂಜಾನಿ ಆಕಿನ್ನ ನಮ್ಮನಿಗೆ ಕಳಿಸು" ಎಂದೆ.

ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಆರು ಹುಡುಗಿಯರು, ತಲೆಗೆ ಎಣ್ಣೆ ಹಚ್ಚಿ, ಸಾಲಾಗಿ ಕೂತಿದ್ದರು. ಎರ್ರಣ್ಣನ ಬಂಡಿ ಗುರುವಾರ ಹೊರಡುತ್ತದೆ. ಅವನ ಕೈಯಲ್ಲಿ ಆರು ಸ್ಲೇಟು ಕಳಿಸು, ಏಳು ಸಿಕ್ಕರೆ ಏಳು. ತಡಮಾಡಬೇಡ, ಅವರು ಕಾಯುತ್ತಿದ್ದಾರೆ.

ಚನ್ನವೀರಮ್ಮ